ಭರತದ ಹೊತ್ತಿನ ಮಳೆ ಮತ್ತು ನವಿಮುಂಬಯಿಯ ತಡೆಗೆರೆಗಳು

ಕರಾವಳಿಯಿಂದಲೂ ಮಲೆನಾಡಿನಿಂದಲೂ ಬಂದು ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳಲ್ಲಿ ನೆಲೆನಿಂತ ಕನ್ನಡಿಗರಿಗೆ ಮಳೆ ಹೊಸದಲ್ಲ. ಹಗಲಿರುಳೆನ್ನದೆ ಸುರಿಯುವ ಆಷಾಢದ ಧಾರೆಯನ್ನು ಕಂಡೇ ಬೆಳೆದವರು ಅವರು. ಆದರೂ ಊರಿನ ಮಳೆಗೆ ಎಂದೂ ಅಂಜದ ಗೃಹಸ್ಥನು ಇಲ್ಲಿ ಜುಲೈ ತಿಂಗಳ ಒಂದು ಮಧ್ಯಾಹ್ನ ಆಕಾಶ ಕಪ್ಪಾದೊಡನೆ ಕಚೇರಿಯ ಕಿಟಕಿಯ ಬಳಿ ಹೋಗಿ ನಿಲ್ಲುತ್ತಾನೆ. ಲೋಕಲ್ ಗಾಡಿ ಓಡುತ್ತಿದೆಯೇ, ಮಕ್ಕಳು ಶಾಲೆಯಿಂದ ಮರಳಿದರೇ, ಕೆಳಮಹಡಿಯ ಮನೆಗೆ ನೀರು ನುಗ್ಗಿತೇ ಎಂಬ ಚಿಂತೆ ಅವನನ್ನು ಕಾಡುತ್ತದೆ.

ಊರಿನ ಮಳೆಗೂ ಇಲ್ಲಿನ ಮಳೆಗೂ ಇರುವ ವ್ಯತ್ಯಾಸ ಆಕಾಶದಲ್ಲಿಲ್ಲ, ನೆಲದಲ್ಲಿದೆ. ಊರಿನಲ್ಲಿ ಬಿದ್ದ ನೀರಿಗೆ ಇಂಗಲು ಮಣ್ಣಿತ್ತು, ಹರಿಯಲು ತೋಡಿತ್ತು, ನಿಲ್ಲಲು ಗದ್ದೆಯಿತ್ತು, ತಂಗಲು ಕೆರೆಯಿತ್ತು. ನಗರದಲ್ಲಿ ಮಣ್ಣಿನ ಮೇಲೆ ಡಾಂಬರು ಹರಡಿದೆ, ಗದ್ದೆಯ ಮೇಲೆ ಕಟ್ಟಡ ಎದ್ದಿದೆ. ನೀರು ಓಡಬೇಕೆಂದು ಎಲ್ಲರೂ ಬಯಸುತ್ತಾರೆ. ಅದು ಕ್ಷಣಕಾಲ ಎಲ್ಲಿಯಾದರೂ ಕಾಯಬೇಕಾದೀತು ಎಂಬುದನ್ನು ಯೋಚಿಸುವವರು ವಿರಳ. ಸಮುದ್ರದ ಮಗ್ಗುಲಲ್ಲಿರುವ ಪಟ್ಟಣಕ್ಕೆ ಈ ಕಾಯುವ ಜಾಗವೇ ಜೀವಾಳ. ನವಿಮುಂಬಯಿಯ ನಿರ್ಮಾಪಕರು ಇದನ್ನು ಮೊದಲೇ ಅರಿತು ವ್ಯವಸ್ಥೆ ಮಾಡಿದ್ದರು. ಆ ವ್ಯವಸ್ಥೆ ಯಾವುದು, ಅದು ಇಂದು ಏಕೆ ಸೊರಗುತ್ತಿದೆ, ಅದಕ್ಕೂ ಮನೆಮಂದಿಯ ಆರೋಗ್ಯಕ್ಕೂ ಏನು ಸಂಬಂಧ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮಳೆಯ ಲೆಕ್ಕ

ವೃತ್ತಪತ್ರಿಕೆಗಳಲ್ಲಿ 'ನೂರು ಮಿಲಿಮೀಟರ್ ಮಳೆ' ಎಂದು ಓದಿದಾಗ ಅದು ಎಷ್ಟು ನೀರೆಂಬುದು ಸಾಮಾನ್ಯವಾಗಿ ಮನಸ್ಸಿಗೆ ತಟ್ಟುವುದಿಲ್ಲ. ಲೆಕ್ಕ ಬಹಳ ಸುಲಭ. ಒಂದು ಚದರ ಮೀಟರ್ ನೆಲದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಸುಮಾರು ಎರಡೂವರೆ ಎಕರೆಯಾಗುವ ಒಂದು ಹೆಕ್ಟೇರಿನ ಮೇಲೆ 100 ಮಿಲಿಮೀಟರ್ ಬಿದ್ದರೆ 10 ಲಕ್ಷ ಲೀಟರ್. ಒಂದು ಚದರ ಕಿಲೋಮೀಟರಿನ ಬಡಾವಣೆಯ ಮೇಲೆ ಅಷ್ಟೇ ಮಳೆ ಬಿದ್ದರೆ 10 ಕೋಟಿ ಲೀಟರ್, ಅಂದರೆ ಹತ್ತು ಸಾವಿರ ಲೀಟರ್ ಹಿಡಿಯುವ ಹತ್ತು ಸಾವಿರ ಟ್ಯಾಂಕರುಗಳ ನೀರು. ಕಾಡಿನ ನೆಲವು ಇದರಲ್ಲಿ ಗಣನೀಯ ಪಾಲನ್ನು ಕುಡಿದು ಉಳಿದುದನ್ನು ನಿಧಾನವಾಗಿ ಬಿಡುತ್ತದೆ. ಕಾಂಕ್ರೀಟು ಬಹುಪಾಲನ್ನು ಒಡನೆಯೇ ಕೆಳಕ್ಕೆ ನೂಕಿಬಿಡುತ್ತದೆ.

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಅದೇ ದಿನ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದುದು ಕೇವಲ 73 ಮಿಲಿಮೀಟರ್. ಮುಂಬಯಿಯ ಹಳೆಯ ಮಳೆನೀರಿನ ಚರಂಡಿಗಳಾದರೋ ಗಂಟೆಗೆ 25 ಮಿಲಿಮೀಟರ್ ಮಳೆಗೆ ಹೊಂದುವಂತೆ ಕಟ್ಟಿದವು. ಅದನ್ನು 50ಕ್ಕೆ ಏರಿಸಬೇಕೆಂದು 1993ರಲ್ಲಿಯೇ ಸಿದ್ಧವಾದ 'ಬ್ರಿಮ್‌ಸ್ಟೋವಾಡ್' ವರದಿ ಸಲಹೆ ನೀಡಿತ್ತು. ಆ ದಿನದ ಮಳೆಯಾದರೋ ಇವೆರಡು ಅಂಕಿಗಳನ್ನೂ ಮೀರಿಹೋಯಿತು. ಉಲ್ಹಾಸ್ ನದಿಯೂ ವಾಲಧುನಿಯೂ ಉಕ್ಕಿ ಬದಲಾಪುರ, ಉಲ್ಹಾಸನಗರ, ಕಲ್ಯಾಣ್ ಭಾಗಗಳು ಜಲಾವೃತವಾದವು. ಮಹಾರಾಷ್ಟ್ರದಲ್ಲಿ ಆ ನೆರೆಗೆ ಸಾವಿರಕ್ಕೂ ಮಿಕ್ಕಿದ ಜನ ಬಲಿಯಾದರು.

ಭರತ ಇಳಿತಗಳ ಲೆಕ್ಕ

ಆ ದಿನದ ದುರಂತಕ್ಕೆ ಮಳೆಯೊಂದೇ ಕಾರಣವಲ್ಲ. ಮಧ್ಯಾಹ್ನ 3 ಗಂಟೆ 50 ನಿಮಿಷಕ್ಕೆ ಸಮುದ್ರದಲ್ಲಿ 4.48 ಮೀಟರ್ ಎತ್ತರದ ಭರತವಿತ್ತು. ಮಳೆ ಬಿರುಸಾಗಿ ಸುರಿಯುತ್ತಿದ್ದುದೂ ಅದೇ ಹೊತ್ತಿನಲ್ಲಿ. ಹೊರಗೆ ಹೋಗಬೇಕಾದ ನೀರಿಗೆ ಸಮುದ್ರವೇ ಅಡ್ಡ ನಿಂತಿತು.

ಉಬ್ಬರವೆಂದೂ ಕರೆಯಲ್ಪಡುವ ಭರತವು ದಿನಕ್ಕೆ ಎರಡು ಬಾರಿ ಬರುತ್ತದೆ. ನೀರು ಸುಮಾರು ಆರು ಗಂಟೆ ಏರಿ, ಸುಮಾರು ಆರು ಗಂಟೆ ಇಳಿಯುತ್ತದೆ. ದಿನದಿಂದ ದಿನಕ್ಕೆ ಈ ಹೊತ್ತು ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಗಳ ಆಸುಪಾಸಿನಲ್ಲಿ ಭರತದ ಎತ್ತರ ಹೆಚ್ಚು. ಮುಂಬಯಿಯ ಕರಾವಳಿಯಲ್ಲಿ ಆ ತಿಥಿಗಳಂದು ಭರತ ಬರುವುದು ಸುಮಾರಾಗಿ ನಡುಹಗಲು ಮತ್ತು ನಡುರಾತ್ರಿಯಲ್ಲಿ. 2005ರ ಗುರುಪೂರ್ಣಿಮೆ ಜುಲೈ 21ರಂದು ಇತ್ತು. ಅಲ್ಲಿಂದ ಐದು ದಿನಕ್ಕೆ ದಿನವೊಂದಕ್ಕೆ ಐವತ್ತು ನಿಮಿಷದಂತೆ ಎಣಿಸಿದರೆ ಭರತವು ಸಂಜೆ ನಾಲ್ಕರ ಹೊತ್ತಿಗೇ ಬರುತ್ತದೆ. ಪಂಚಾಂಗ ನೋಡಿ ಏಕಾದಶಿ ಸಂಕಷ್ಟಿಗಳನ್ನು ಗುರುತಿಸುವ ಮನೆಗಳಿಗೆ ಈ ಲೆಕ್ಕ ಕಠಿಣವಾಗಲಾರದು. 4.5 ಮೀಟರಿಗೂ ಮಿಕ್ಕಿದ ಭರತದ ದಿನಗಳ ಪಟ್ಟಿಯನ್ನು ಮುಂಬಯಿ ಮಹಾನಗರಪಾಲಿಕೆಯು ಮಳೆಗಾಲಕ್ಕೆ ಮುನ್ನವೇ ಪ್ರಕಟಿಸುವುದೂ ಈ ಕಾರಣಕ್ಕಾಗಿಯೇ. ಇಲ್ಲಿ ಹೇಳುವ ಮೀಟರುಗಳನ್ನು ರಸ್ತೆಯ ಮಟ್ಟದಿಂದಲ್ಲ, ಅತಿ ಕೆಳಗಿನ ಇಳಿತದ ಮಟ್ಟದ ಆಸುಪಾಸಿನಿಂದ ಎಣಿಸುತ್ತಾರೆಂಬುದನ್ನು ನೆನಪಿಡಬೇಕು.

ತಡೆಗೆರೆ ಎಂದರೇನು?

ಮುಂಬಯಿಯ ಜನಸಂದಣಿಯನ್ನು ಹಗುರಗೊಳಿಸಲು ಖಾಡಿಯ ಆಚೆಗೆ ಹೊಸ ನಗರವೊಂದು ಬೇಕೆಂದು 1965ರಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ ಮತ್ತು ಶಿರೀಷ್ ಪಟೇಲ್ ಪ್ರತಿಪಾದಿಸಿದರು. ಅದನ್ನು ಕಾರ್ಯರೂಪಕ್ಕೆ ತರಲು 1970ರ ಮಾರ್ಚ್ ತಿಂಗಳಲ್ಲಿ 'ಸಿಡ್ಕೋ' ನಿಗಮ ಸ್ಥಾಪನೆಯಾಯಿತು. ನಗರಕ್ಕೆಂದು ಗುರುತಿಸಿದ ನೆಲದ ಪೂರ್ವಕ್ಕೆ ಪಾರ್ಸಿಕ್ ಗುಡ್ಡಗಳು, ಪಶ್ಚಿಮಕ್ಕೆ ಥಾಣೆ ಖಾಡಿ. ನಡುವೆ ಇದ್ದುದು ಬಹುಮಟ್ಟಿಗೆ ಗದ್ದೆ, ಉಪ್ಪಿನಾಗರ ಮತ್ತು ಉಪ್ಪುನೀರಿನ ಜೌಗು. ಖಾಡಿಯ ಪಕ್ಕದ ನೆಲವು ದೊಡ್ಡ ಭರತದ ಮಟ್ಟಕ್ಕಿಂತ ಕೆಳಗಿತ್ತು.

ಇಂತಹ ನೆಲದಲ್ಲಿ ಊರು ಕಟ್ಟಲು ಎರಡು ದಾರಿಗಳು. ಗುಡ್ಡ ಕಡಿದು ಮಣ್ಣು ತುಂಬಿ ಇಡೀ ನೆಲವನ್ನು ಭರತಕ್ಕಿಂತ ಎತ್ತರಿಸುವುದು ಒಂದು; ಅದಕ್ಕೆ ತಗಲುವ ವೆಚ್ಚ ಅಪಾರ. ಡಚ್ಚರು ಶತಮಾನಗಳಿಂದ ಅನುಸರಿಸಿದ ಕ್ರಮ ಇನ್ನೊಂದು. ನೀರಿಗೆ ದಂಡೆ ಕಟ್ಟಿ, ಒಳಗಿನ ಮಳೆನೀರನ್ನು ಕೊಳದಲ್ಲಿ ಕೂಡಿಹಾಕಿ, ಸಮುದ್ರ ಇಳಿದಾಗ ಹೊರಕ್ಕೆ ಬಿಡುವುದು. ಸಿಡ್ಕೋ ಎರಡನೆಯ ದಾರಿಯನ್ನು ಆರಿಸಿತು. ಹೀಗೆ ರೂಪುಗೊಂಡವೇ 'ಹೋಲ್ಡಿಂಗ್ ಪಾಂಡ್' ಎಂಬ ಹೆಸರಿನ ತಡೆಗೆರೆಗಳು. ವಾಶಿ, ಕೋಪರ್‌ಖೈರಣೆ, ಸಾನ್ಪಾಡಾ, ಬೇಲಾಪುರ ಮುಂತಾದೆಡೆ ಇರುವ, 1992ರಲ್ಲಿ ಸ್ಥಾಪನೆಯಾದ ನವಿಮುಂಬಯಿ ಮಹಾನಗರಪಾಲಿಕೆಯ ವ್ಯಾಪ್ತಿಗೆ ಸೇರಿದ ಇಂತಹ ತಡೆಗೆರೆಗಳ ಸಂಖ್ಯೆ 11.

ಇವುಗಳ ಕೆಲಸ ಬಹು ಸರಳ. ಬಡಾವಣೆಯ ಚರಂಡಿಗಳೆಲ್ಲ ಬಂದು ತಡೆಗೆರೆಯನ್ನು ಸೇರುತ್ತವೆ. ಕೆರೆಗೂ ಖಾಡಿಗೂ ನಡುವಿನ ದಂಡೆಯಲ್ಲಿ ತೂಬುಗಳಿದ್ದು, ಅವುಗಳ ಹೊರಬದಿಗೆ ಮೇಲಿನ ಅಂಚಿನಿಂದ ತೂಗುಬಿಟ್ಟ ಭಾರವಾದ ಬಾಗಿಲುಗಳಿರುತ್ತವೆ. ಖಾಡಿಯ ನೀರು ಏರಿದಾಗ ಅದರ ಒತ್ತಡದಿಂದಲೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಖಾಡಿ ಇಳಿದು ಒಳಗಿನ ಮಟ್ಟ ಹೆಚ್ಚಾದಾಗ ತಾನಾಗಿಯೇ ತೆರೆಯುತ್ತದೆ. ಇದಕ್ಕೆ ವಿದ್ಯುತ್ತು ಬೇಡ, ಕಾವಲುಗಾರನೂ ಬೇಡ. ಅಘನಾಶಿನಿಯ ದಡದ ಕುಮಟಾ ಸೀಮೆಯ ಗಜನಿ ಗದ್ದೆಗಳನ್ನು ಬಲ್ಲವರಿಗೆ ಇದರ ತತ್ತ್ವ ಹೊಸದೆನಿಸದು. ಅಲ್ಲಿ ಉಪ್ಪುನೀರನ್ನು ಹದದಲ್ಲಿ ಇಟ್ಟುಕೊಂಡು ಕಗ್ಗ ಭತ್ತ ಬೆಳೆಯುವ ರೈತರು ದಂಡೆಯಲ್ಲಿ 'ಜಂತ್ರಡಿ' ಎಂಬ ಮರದ ಹಲಗೆಯ ಬಾಗಿಲನ್ನಿಟ್ಟು ಭರತ ಇಳಿತಗಳೊಡನೆ ವ್ಯವಹರಿಸುತ್ತ ಬಂದಿದ್ದಾರೆ. ಥಾಣೆ ಮತ್ತು ರಾಯಗಡದ ಕರಾವಳಿಯ ಆಗ್ರಿ ಬೇಸಾಯಗಾರರ 'ಖಾರ್' ಗದ್ದೆಗಳೂ ಇದೇ ಜಾಣ್ಮೆಯ ಫಲ.

ಬ್ಯಾಂಕೊಂದು ತನ್ನಲ್ಲಿಗೆ ಬಂದ ಠೇವಣಿಯನ್ನೆಲ್ಲ ಸಾಲವಾಗಿ ಕೊಟ್ಟುಬಿಡುವುದಿಲ್ಲ. ಒಂದು ಪಾಲನ್ನು ನಗದಾಗಿ ಮೀಸಲಿಡುತ್ತದೆ. ಸಾಮಾನ್ಯ ದಿನಗಳಲ್ಲಿ ಆ ಹಣ ಸುಮ್ಮನೆ ಬಿದ್ದಿರುವಂತೆ ತೋರುತ್ತದೆ. ಅದರ ಬೆಲೆ ತಿಳಿಯುವುದು ಎಲ್ಲರೂ ಒಟ್ಟಿಗೆ ಹಣ ಕೇಳಲು ಬಂದ ದಿನ. ತಡೆಗೆರೆಯ ಖಾಲಿ ಜಾಗವೂ ಅಂತಹುದೇ ಮೀಸಲು. ಬೇಸಗೆಯಲ್ಲಿ ಅದು ಕೆಸರಿನ ಬಯಲು, ದುರ್ವಾಸನೆಯ ತಾಣ, ಉದ್ಯಾನವನವೋ ವಾಹನ ನಿಲ್ದಾಣವೋ ಆಗಬಹುದಾಗಿದ್ದ ವ್ಯರ್ಥ ಭೂಮಿ ಎಂದು ತೋರುತ್ತದೆ. ಭರತವೂ ಮಳೆಯೂ ಕೂಡಿಬಂದ ನಾಲ್ಕು ಗಂಟೆಗಳಲ್ಲಿ ಮಾತ್ರ ಅದು ತನ್ನ ನಿಜವಾದ ಬೆಲೆಯನ್ನು ತೋರಿಸುತ್ತದೆ.

ಮೀಸಲು ಕರಗುತ್ತಿರುವ ಬಗೆ

ಉದಾಹರಣೆಗಾಗಿ, ಒಂದು ಚದರ ಕಿಲೋಮೀಟರ್ ಬಡಾವಣೆಗೆ ಹತ್ತು ಹೆಕ್ಟೇರಿನ ಒಂದು ತಡೆಗೆರೆ ಇದೆಯೆಂದು ಭಾವಿಸೋಣ. ಭರತದಿಂದಾಗಿ ಬಾಗಿಲು ನಾಲ್ಕು ಗಂಟೆ ಮುಚ್ಚಿದೆ. ಮಳೆ ಗಂಟೆಗೆ 25 ಮಿಲಿಮೀಟರಿನಂತೆ ಸುರಿಯುತ್ತಿದೆ. ನೆಲವು ಏನನ್ನೂ ಹೀರಿಕೊಳ್ಳದಿದ್ದರೆ ಒಟ್ಟು 10 ಕೋಟಿ ಲೀಟರ್ ನೀರು ಬಂದು ಕೆರೆಯ ಮಟ್ಟ ಒಂದು ಮೀಟರಿನಷ್ಟು ಏರುತ್ತದೆ. ಕೆರೆಗೆ ಅಷ್ಟು ಆಳವಿದ್ದರೆ ಯಾರಿಗೂ ತೊಂದರೆಯಿಲ್ಲ. ಅದರಲ್ಲಿ ಅರ್ಧ ಮೀಟರ್ ಹೂಳು ತುಂಬಿದ್ದರೋ? 5 ಕೋಟಿ ಲೀಟರ್ ನೀರು ಬೇರೆ ಜಾಗವನ್ನು ಹುಡುಕಬೇಕಾಗುತ್ತದೆ. ಆ ಬೇರೆ ಜಾಗವೆಂದರೆ ರಸ್ತೆ, ಅಂಗಡಿ ಮತ್ತು ಕೆಳಮಹಡಿಯ ಮನೆ.

ಹೂಳು ಎರಡು ಕಡೆಯಿಂದ ಬರುತ್ತದೆ. ಕಲ್ಲುಗಣಿಗಳಿಂದ ಗಾಯಗೊಂಡ ಗುಡ್ಡಗಳ ಮಣ್ಣನ್ನೂ ಬಡಾವಣೆಯ ಕಸವನ್ನೂ ನಾಲಾಗಳು ಹೊತ್ತು ತರುತ್ತವೆ. ಖಾಡಿಯ ನೀರು ಒಳಗೆ ಸುಳಿದಾಗಲೆಲ್ಲ ತನ್ನ ನಯವಾದ ಕೆಸರನ್ನು ಬಿಟ್ಟುಹೋಗುತ್ತದೆ. ತೂಗುಬಾಗಿಲಿನ ಸಂದಿನಲ್ಲಿ ಒಂದು ಮರದ ತುಂಡೋ ಪ್ಲಾಸ್ಟಿಕ್ ಚೀಲಗಳ ಗಂಟೋ ಸಿಕ್ಕಿಕೊಂಡರೆ ಸಾಕು, ಬಾಗಿಲು ಪೂರ್ತಿ ಮುಚ್ಚದೆ ಭರತದ ನೀರು ಒಳನುಗ್ಗುತ್ತದೆ. ಮಳೆಗೆಂದು ಖಾಲಿಯಿರಬೇಕಾದ ಜಾಗವನ್ನು ಸಮುದ್ರವೇ ತುಂಬಿಬಿಡುತ್ತದೆ.

ಕೆಸರು ನಿಂತಲ್ಲಿ ಕರಾವಳಿಯವರು ಕಾಂಡ್ಲ ಎನ್ನುವ ಉಪ್ಪುನೀರಿನ ಗಿಡಗಳು ಹುಟ್ಟುತ್ತವೆ. ಅವುಗಳ ಬೇರುಗಳು ಇನ್ನಷ್ಟು ಕೆಸರನ್ನು ಹಿಡಿಯುತ್ತವೆ. ಇಲ್ಲಿಯೇ ತೊಡಕು ಆರಂಭವಾಗುವುದು. ಕಾಂಡ್ಲವನ್ನು ವೈರಿಯೆನ್ನುವಂತಿಲ್ಲ. ಖಾಡಿಯ ದಡದಲ್ಲಿ ಅದು ಅಲೆಯ ರಭಸವನ್ನು ಮುರಿಯುತ್ತದೆ, ಮೀನು ಸಿಗಡಿಗಳ ಮರಿಗಳಿಗೆ ತೊಟ್ಟಿಲಾಗುತ್ತದೆ. ರಾಜಹಂಸಗಳ ದೊಡ್ಡ ಹಿಂಡುಗಳು ಬಂದಿಳಿಯುವ ಥಾಣೆ ಖಾಡಿಯ ಒಂದು ಭಾಗವನ್ನು 2015ರಲ್ಲಿ ಪಕ್ಷಿಧಾಮವೆಂದು ಘೋಷಿಸಲಾಯಿತು. 2022ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ತಾಣಗಳ ಪಟ್ಟಿಗೂ ಸೇರಿತು. ಸಾರ್ವಜನಿಕ ಹಿತದ ಅನಿವಾರ್ಯ ಕಾರಣವಿಲ್ಲದೆ ಕಾಂಡ್ಲವನ್ನು ನಾಶಪಡಿಸಕೂಡದೆಂದು ಮುಂಬಯಿ ಉಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿದೆ. ಆದುದರಿಂದ ತಡೆಗೆರೆಯೊಳಗೆ ಬೆಳೆದ ಕಾಂಡ್ಲವನ್ನು ಮುಟ್ಟಿ ಹೂಳೆತ್ತಬೇಕಾದರೆ ಕರಾವಳಿ ವಲಯ ಪ್ರಾಧಿಕಾರ, ನ್ಯಾಯಾಲಯ ಮುಂತಾದವುಗಳ ಅನುಮತಿ ಬೇಕು.

ಈ ನಿರ್ಬಂಧವು ತಪ್ಪಲ್ಲ. ಪೊದೆ ಕಡಿಯುವ ನೆಪದಲ್ಲಿ ನೆಲವನ್ನೇ ಕಬಳಿಸಿದ ಉದಾಹರಣೆಗಳು ಎಲ್ಲ ನಗರಗಳಲ್ಲಿಯೂ ಇವೆ. ಹೂಳೆತ್ತುವುದು ಅಗತ್ಯವೆಂಬುದೂ ತಪ್ಪಲ್ಲ. ದಡದ ಕಾಂಡ್ಲವನ್ನು ಉಳಿಸಿಕೊಂಡು, ನೀರು ಓಡುವ ನಡುಗಾಲುವೆಯನ್ನೂ ತೂಬಿನ ಬಾಯನ್ನೂ ತೆರವುಗೊಳಿಸುವುದು ನಡುವಿನ ದಾರಿ. ವರ್ಷ ವರ್ಷವೂ ಸ್ವಲ್ಪ ಸ್ವಲ್ಪವಾಗಿ ಹೂಳೆತ್ತುತ್ತ ಬಂದಿದ್ದರೆ ಗಿಡ ಮರವಾಗುತ್ತಿರಲಿಲ್ಲ, ಪ್ರಶ್ನೆ ನ್ಯಾಯಾಲಯದವರೆಗೆ ಹೋಗುತ್ತಲೂ ಇರಲಿಲ್ಲ. ಸಕಾಲದಲ್ಲಿ ತೀರಿಸದ ಸಾಲಕ್ಕೆ ಬಡ್ಡಿ ಬೆಳೆಯುವಂತೆ ಎತ್ತದ ಹೂಳಿಗೂ ಬಡ್ಡಿಯಿದೆ.

ಥಾಣೆಯ ಕೆರೆಗಳೂ ಪನವೇಲಿನ ಹೊಸ ನೆಲವೂ

ಕೆರೆಗಳ ಊರೆಂದೇ ಹೆಸರಾದ ಥಾಣೆ ಪಟ್ಟಣದಲ್ಲಿ ಈ ಕಾಯುವ ಜಾಗಗಳು ಬಹು ಹಿಂದಿನವು. ಕೋಪಿನೇಶ್ವರ ದೇವಾಲಯದ ಎದುರಿನ ಮಾಸುಂದಾ, ಯೇವೂರು ಗುಡ್ಡದ ಬುಡದಲ್ಲಿರುವ ಉಪವನ, ಕಚರಾಳಿ ಮೊದಲಾದ ಕೆರೆಗಳು ಸಂಜೆಯ ವಿಹಾರಕ್ಕಷ್ಟೇ ಇರುವವಲ್ಲ. ಗುಡ್ಡದಿಂದ ಇಳಿದ ನೀರನ್ನು ತಡೆದು ನಿಲ್ಲಿಸಬಲ್ಲವು. ಕರ್ನಾಟಕದ ಹಿರಿಯರು ಕೆರೆಗೆ ತೂಬಿನ ಜೊತೆಗೆ ಕೋಡಿಯನ್ನೂ ಕಟ್ಟುತ್ತಿದ್ದರು. ಹೆಚ್ಚಾದ ನೀರು ಎಲ್ಲಿಂದ ಹೋಗಬೇಕೆಂಬುದನ್ನು ಮೊದಲೇ ಗೊತ್ತುಮಾಡದೆ ಕೆರೆ ಕಟ್ಟುವುದು ಅವರ ಮಟ್ಟಿಗೆ ಅವಿವೇಕವಾಗಿತ್ತು.

ಇನ್ನು ಪನವೇಲಿನ ಪಕ್ಕದಲ್ಲಿ 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾದ ನವಿಮುಂಬಯಿ ವಿಮಾನ ನಿಲ್ದಾಣದ ಯೋಜನಾಭೂಮಿಯ ವಿಸ್ತಾರ 1,160 ಹೆಕ್ಟೇರು. ಅದಕ್ಕಾಗಿ ಉಲ್ವೆ ಗುಡ್ಡವನ್ನು ಕಡಿದು, ಉಲ್ವೆ ನದಿಯ ಪಾತ್ರವನ್ನು ತಿರುಗಿಸಿ, ತಗ್ಗುನೆಲವನ್ನು ಎತ್ತರಿಸಲಾಯಿತು. ಮೇಲಿನ ಲೆಕ್ಕದಂತೆ ಅಷ್ಟು ನೆಲದ ಮೇಲೆ ಬೀಳುವ 100 ಮಿಲಿಮೀಟರ್ ಮಳೆಯೆಂದರೆ 116 ಕೋಟಿ ಲೀಟರ್. ಇಂತಹ ನೆಲದಲ್ಲಿ ವಿಮಾನ ನಿಲ್ದಾಣ ಅಸಾಧ್ಯವೇನಲ್ಲ. ಆಮ್‌ಸ್ಟರ್‌ಡಾಂನ ಸ್ಕಿಪೋಲ್ ನಿಲ್ದಾಣವಿರುವುದು 1852ರಲ್ಲಿ ಬತ್ತಿಸಿದ ಸರೋವರವೊಂದರ ತಳದಲ್ಲಿ, ಸಮುದ್ರಮಟ್ಟಕ್ಕಿಂತ ಕೆಳಗೆ. ಆದರೆ ಅಲ್ಲಿ ಕಾಲುವೆ, ಪಂಪುಗಳ ಪಾಲನೆಯನ್ನು ಒಂದು ದಿನವೂ ಮರೆಯುವುದಿಲ್ಲ. ತಗ್ಗುನೆಲವನ್ನು ಎತ್ತರಿಸಿದಾಗ ನೀರು ಮಾಯವಾಗದು, ಪಕ್ಕದ ಇನ್ನೊಂದು ತಗ್ಗನ್ನು ಅರಸುತ್ತದೆ. ಆದಕಾರಣ ಸುತ್ತಲಿನ ಬಡಾವಣೆಗಳಲ್ಲಿ ಕಾಯುವ ಜಾಗವನ್ನು ಉಳಿಸಿಕೊಳ್ಳುವುದು ಹಿಂದೆಂದಿಗಿಂತ ಮುಖ್ಯವಾಗಿದೆ.

ಹಿಡಿದು, ಪರೀಕ್ಷಿಸಿ, ಬಿಡುವುದು

ಇದುವರೆಗಿನ ಮಾತು ನೀರಿನ ಮೊತ್ತವನ್ನು ಕುರಿತದ್ದು. ಅದರ ಗುಣವೂ ಅಷ್ಟೇ ಮುಖ್ಯ. ರಾಕೆಟ್ ಹಾರಿಸುವ ಕಟ್ಟೆಗಳು ಇದಕ್ಕೊಂದು ನಿದರ್ಶನ. ಇವು ಸಾಮಾನ್ಯವಾಗಿ ಸಮುದ್ರದಂಚಿನಲ್ಲಿರುತ್ತವೆ. ಭಾರತದ ಶ್ರೀಹರಿಕೋಟಾ ಪುಲಿಕಾಟ್ ಸರೋವರಕ್ಕೂ ಬಂಗಾಳ ಕೊಲ್ಲಿಗೂ ನಡುವಿನ ದ್ವೀಪ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ದೀರ್ಘಕಾಲ ಮುನ್ನಡೆಸಿದ ಸತೀಶ್ ಧವನ್ ಅವರ ಹೆಸರನ್ನು 2002ರಲ್ಲಿ ಆ ಕೇಂದ್ರಕ್ಕೆ ಇಡಲಾಯಿತು. ಅಮೆರಿಕದ ಫ್ಲಾರಿಡಾದ ಕೆನೆಡಿ ಕೇಂದ್ರದ ಸುತ್ತಲೂ ಆಳವಿಲ್ಲದ ಹಿನ್ನೀರು. ಅಲ್ಲಿ 1981ರಿಂದ ಹಾರತೊಡಗಿದ ಬಾಹ್ಯಾಕಾಶ ಷಟಲ್‌ಗಳ ಘನ ಇಂಧನ ಉರಿದಾಗ ಹೈಡ್ರೋಕ್ಲೋರಿಕ್ ಆಮ್ಲದ ಅನಿಲ ಹೊರಬರುತ್ತಿತ್ತು. ಶಬ್ದದ ಆಘಾತವನ್ನು ತಗ್ಗಿಸಲು ಕಟ್ಟೆಯ ಮೇಲೆ ಪ್ರತಿ ಉಡಾವಣೆಯ ವೇಳೆ ಸುಮಾರು 11 ಲಕ್ಷ ಲೀಟರ್ ನೀರು ಸುರಿಯುತ್ತಿದ್ದರು. ಆಮ್ಲವು ನೀರಿನ ಹನಿಗಳೊಡನೆ ಕೂಡಿ ಹತ್ತಿರದ ಹಿನ್ನೀರಿನ ಮೇಲೆ ಬಿದ್ದಾಗ ಅಲ್ಲಿನ ಸಣ್ಣ ಮೀನುಗಳು ಸತ್ತುದು ದಾಖಲಾಗಿದೆ. ಕಟ್ಟೆಯಿಂದ ಹರಿದ ನೀರನ್ನಾದರೋ ಕಾಂಕ್ರೀಟ್ ತೊಟ್ಟಿಗಳಲ್ಲಿ ಹಿಡಿದು, ಆಮ್ಲತೆಯನ್ನು ನಿವಾರಿಸಿದ ಮೇಲಷ್ಟೇ ಹೊರಬಿಡುತ್ತಿದ್ದರು.

ಡೊಂಬಿವಲಿಯಲ್ಲಿ ರಾಕೆಟ್ ಕಟ್ಟೆಯಿಲ್ಲ. ಆದರೆ ಮನೆಗಳಿಗೆ ಮಗ್ಗುಲಾಗಿ ಬಣ್ಣ ಮತ್ತು ರಾಸಾಯನಿಕಗಳ ಕಾರ್ಖಾನೆಗಳ ವಸಾಹತು ಇದೆ. 2020ರ ಫೆಬ್ರವರಿಯಲ್ಲಿ ಅಲ್ಲಿನ ಒಂದು ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿದ ಸುದ್ದಿ ಎಲ್ಲೆಡೆ ಹಬ್ಬಿತ್ತು. ನೆಲದ ಮೇಲೆ ಚೆಲ್ಲಿದ ಪುಡಿ, ಎಣ್ಣೆ, ಆಮ್ಲಗಳನ್ನು ತೊಳೆದೊಯ್ಯುವುದು ವರ್ಷದ ಮೊದಲ ಮಳೆ. ಆದುದರಿಂದಲೇ ಮೊದಲ ಮಳೆಯ ನೀರು ಅತ್ಯಂತ ಕಲುಷಿತ. ಬೆಂಕಿಯ ಅಪಘಾತವಾದಾಗ ಪ್ರಶ್ನೆ ಇನ್ನೂ ಗಂಭೀರ. ಡೊಂಬಿವಲಿಯ ಈ ವಸಾಹತು 2016ರ ಮೇ 26ರಂದೂ 2024ರ ಮೇ 23ರಂದೂ ಭೀಕರ ಸ್ಫೋಟಗಳನ್ನು ಕಂಡಿದೆ. ಎರಡೂ ಘಟನೆಗಳಲ್ಲಿ ಜೀವಹಾನಿಯಾಯಿತು. ಬೆಂಕಿ ಆರಿಸಲು ಸುರಿದ ನೀರು ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆಯನ್ನು ಯುರೋಪು 1986ರ ನವೆಂಬರ್ 1ರ ನಂತರ ಮರೆಯಲಿಲ್ಲ. ಆ ದಿನ ಸ್ವಿಟ್ಜರ್ಲೆಂಡಿನ ಬಾಸೆಲ್ ಬಳಿಯ ರಾಸಾಯನಿಕ ಉಗ್ರಾಣವೊಂದು ಹೊತ್ತಿಕೊಂಡಾಗ, ಆರಿಸಲು ಬಳಸಿದ ನೀರು ಕೀಟನಾಶಕಗಳನ್ನು ರೈನ್ ನದಿಗೆ ಕೊಂಡೊಯ್ದು ನೂರಾರು ಕಿಲೋಮೀಟರ್ ಉದ್ದಕ್ಕೆ ಮೀನುಗಳನ್ನು ಕೊಂದಿತು. ಕಾರ್ಖಾನೆಯ ಆವರಣದೊಳಗೇ ಮೊದಲ ಮಳೆಯನ್ನೂ ಬೆಂಕಿಯ ನೀರನ್ನೂ ಹಿಡಿದಿಡುವ ತೊಟ್ಟಿಗಳಿರಬೇಕೆಂಬುದು ಈ ಘಟನೆಗಳ ಪಾಠ. ಕಲ್ಯಾಣ್ ಡೊಂಬಿವಲಿಯ ನಾಲಾಗಳೆಲ್ಲ ಕೊನೆಗೆ ಸೇರುವುದು ಉಲ್ಹಾಸ್ ನದಿಯನ್ನೂ ಅದರ ಖಾಡಿಯನ್ನೂ. ಅಲ್ಲಿ ಮೀನು ಹಿಡಿದು ಬದುಕುವ ಕೋಳಿ ಜನರಿದ್ದಾರೆ.

ನೆರೆ ಇಳಿದ ಮೇಲೆ ಬರುವ ಜ್ವರ

ನೀರು ಇಳಿದೊಡನೆ ಅಪಾಯ ಕಳೆಯಿತೆಂದು ತಿಳಿಯುವುದು ತಪ್ಪು. 2005ರ ನೆರೆಯ ನಂತರದ ವಾರಗಳಲ್ಲಿ ಮುಂಬಯಿ ಮತ್ತು ಥಾಣೆ ಪ್ರದೇಶದ ಆಸ್ಪತ್ರೆಗಳು ಇಲಿಜ್ವರದ ರೋಗಿಗಳಿಂದ ತುಂಬಿದವು. ವೈದ್ಯರು ಲೆಪ್ಟೊಸ್ಪೈರೋಸಿಸ್ ಎನ್ನುವ ಈ ರೋಗದ ಸೂಕ್ಷ್ಮಾಣುಗಳು ಇಲಿ, ಹೆಗ್ಗಣ, ನಾಯಿ, ದನಗಳ ಮೂತ್ರದಲ್ಲಿರುತ್ತವೆ. ಒದ್ದೆ ಮಣ್ಣಿನಲ್ಲಿಯೂ ನಿಂತ ನೀರಿನಲ್ಲಿಯೂ ವಾರಗಟ್ಟಲೆ ಬದುಕಬಲ್ಲವು. ಕಾಲಿನ ಸಣ್ಣ ಗಾಯ, ಬಿರಿದ ಹಿಮ್ಮಡಿ, ಕಣ್ಣು ಬಾಯಿಗಳ ಮೂಲಕ ಅವು ದೇಹವನ್ನು ಹೊಗುತ್ತವೆ.

ರೋಗ ತಲೆದೋರುವುದು ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಗಳ ನಂತರ. ಅಷ್ಟರಲ್ಲಿ ರೋಗಿಯು ನೀರಿನಲ್ಲಿ ನಡೆದುದನ್ನೇ ಮರೆತಿರುತ್ತಾನೆ. ಜ್ವರ, ತಲೆನೋವು, ಮೀನಖಂಡಗಳಲ್ಲಿ ಅತೀವ ನೋವು, ಕೆಂಪೇರಿದ ಕಣ್ಣು ಇದರ ಮುಖ್ಯ ಲಕ್ಷಣಗಳು. ಉಪೇಕ್ಷಿಸಿದರೆ ಕಾಮಾಲೆಯಾಗಿ ಮೂತ್ರಪಿಂಡ, ಶ್ವಾಸಕೋಶಗಳಿಗೆ ಹಾನಿಯಾಗಿ ಪ್ರಾಣಕ್ಕೇ ಕುತ್ತಾಗಬಹುದು. ಮೊದಲ ದಿನಗಳಲ್ಲಿಯೇ ಚಿಕಿತ್ಸೆ ದೊರೆತರೆ ಸಾಮಾನ್ಯ ಪ್ರತಿಜೀವಕಗಳಿಂದಲೇ ಗುಣವಾಗುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಜ್ವರ ಬಂದವರು 'ಇಂತಹ ದಿನ ನೆರೆನೀರಿನಲ್ಲಿ ನಡೆದಿದ್ದೆ' ಎಂಬ ಒಂದು ಮಾತನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಆ ಒಂದು ಮಾತು ಪ್ರಾಣವನ್ನು ಉಳಿಸೀತು.

ನೆರೆನೀರಿನಲ್ಲಿ ನಡೆದವರು 72 ಗಂಟೆಗಳೊಳಗೆ ವೈದ್ಯರನ್ನು ಕಂಡರೆ, ಅಗತ್ಯವಿದ್ದವರಿಗೆ ಅವರು ಮುನ್ನೆಚ್ಚರಿಕೆಯಾಗಿ ಡಾಕ್ಸಿಸೈಕ್ಲಿನ್ ಕೊಡುವುದುಂಟು. ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಈ ಔಷಧ ಸಲ್ಲದು. ಅವರಿಗೆ ಬೇರೆಯದನ್ನು ಕೊಡುತ್ತಾರೆ. ಆದುದರಿಂದ ಔಷಧದ ಅಂಗಡಿಯಲ್ಲಿ ತಾವಾಗಿ ಕೇಳಿ ನುಂಗುವುದು ಸರಿಯಲ್ಲ.

ಚರಂಡಿಯ ನೀರು ಕುಡಿಯುವ ನೀರಿನ ಕೊಳವೆಗೆ ಸೋರಿದಾಗ ವಾಂತಿಭೇದಿ, ವಿಷಮಶೀತ ಜ್ವರ ಮತ್ತು ಕಾಮಾಲೆ ಹರಡುತ್ತವೆ. ಕಟ್ಟಡದ ನೆಲತೊಟ್ಟಿಗೆ ನೆರೆ ನುಗ್ಗಿದ್ದರೆ ಅದನ್ನು ಪೂರ್ತಿ ಬರಿದುಮಾಡಿ, ತೊಳೆದು, ಕ್ಲೋರಿನ್ ಹಾಕಿದ ನಂತರವೇ ಬಳಸಬೇಕು. ಅಲ್ಲಿಯವರೆಗೆ ಕುದಿಸಿ ಆರಿಸಿದ ನೀರೇ ಕ್ಷೇಮ. ಡೆಂಗ್ಯೂ ಸೊಳ್ಳೆ ಹೆಚ್ಚಾಗಿ ಹುಟ್ಟುವುದು ಕೊಳಕು ನಾಲಾದಲ್ಲಲ್ಲ, ಬಾಲ್ಕನಿಯ ಹೂಕುಂಡದ ತಟ್ಟೆ, ಹಳೆಯ ಟಯರು, ಮುಚ್ಚಳವಿಲ್ಲದ ತೊಟ್ಟಿಗಳ ತಿಳಿನೀರಿನಲ್ಲಿ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಆದುದರಿಂದ ವಾರಕ್ಕೊಮ್ಮೆ ಈ ನೀರನ್ನೆಲ್ಲ ಚೆಲ್ಲುವ ಪದ್ಧತಿ ಇಟ್ಟುಕೊಳ್ಳಬೇಕು.

ಗೃಹಸ್ಥರು ಮಾಡಬಹುದಾದುದು

ತಡೆಗೆರೆಯ ಹೂಳೆತ್ತುವುದು ಒಬ್ಬ ನಾಗರಿಕನ ಕೆಲಸವಲ್ಲ. ಆದರೂ ಅವನ ಕೈಯಲ್ಲಿ ಏನೂ ಇಲ್ಲವೆನ್ನಲಾಗದು. ಮೊದಲನೆಯದಾಗಿ, ಗೃಹನಿರ್ಮಾಣ ಸಂಘಗಳು ತಮ್ಮ ಆವರಣದ ಗಟಾರಗಳನ್ನು ಮೇ ತಿಂಗಳೊಳಗೆ ತೆರವು ಮಾಡಿಸಿ, ತೆಗೆದ ಹೂಳನ್ನು ಅದೇ ದಂಡೆಯಲ್ಲಿ ಬಿಡದೆ ಸಾಗಿಸಬೇಕು. ಇಲ್ಲವಾದರೆ ಮೊದಲ ಮಳೆಯೇ ಅದನ್ನು ಮರಳಿ ಒಳಕ್ಕೆ ತರುತ್ತದೆ. ಎರಡನೆಯದಾಗಿ, ಅಂಗಳಕ್ಕೆಲ್ಲ ಕಾಂಕ್ರೀಟು ಹಾಸುವ ಆಸೆಗೆ ಕಡಿವಾಣ ಹಾಕಿ ಒಂದಿಷ್ಟು ಮಣ್ಣನ್ನು ಉಳಿಸಬೇಕು, ಮಾಡಿನ ನೀರನ್ನು ತೊಟ್ಟಿಗೆ ಹಿಡಿಯಬೇಕು. ಐನೂರು ಚದರ ಮೀಟರಿನ ಮಾಡಿನ ಮೇಲೆ 100 ಮಿಲಿಮೀಟರ್ ಮಳೆಯಲ್ಲಿ 50,000 ಲೀಟರ್ ನೀರು ದೊರೆಯುತ್ತದೆ. ಹಿಡಿದಷ್ಟೂ ಚರಂಡಿಗೆ ಹೊರೆ ಕಡಿಮೆ. ಮೂರನೆಯದಾಗಿ, ಭರತದ ಪಟ್ಟಿಯನ್ನು ಸಂಘದ ಫಲಕದಲ್ಲಿ ತೂಗುಹಾಕಿ, ಅಂತಹ ದಿನಗಳಲ್ಲಿ ಭಾರಿ ಮಳೆಯ ಮುನ್ಸೂಚನೆ ಇದ್ದರೆ ಕೆಳಮಹಡಿಯ ನಿವಾಸಿಗಳಿಗೂ ಅಂಗಡಿಯವರಿಗೂ ತಿಳಿಸಬೇಕು. ಮನೆಗೆಲಸಕ್ಕೆ ಬರುವ ಹೆಂಗಸರನ್ನು ಅಂದು ಸೊಂಟಮಟ್ಟದ ನೀರಿನಲ್ಲಿ ನಡೆದು ಬರಲು ಹೇಳದಿರುವುದು ಕನಿಷ್ಠ ಮಾನವೀಯತೆ. ನಾಲ್ಕನೆಯದಾಗಿ, ಗಣಪತಿಯ ನಿರ್ಮಾಲ್ಯವೇ ಇರಲಿ, ಮನೆಯ ಹಳೆಯ ಹಾಸಿಗೆಯೇ ಇರಲಿ, ತಡೆಗೆರೆಗೂ ನಾಲಾಕ್ಕೂ ಎಸೆಯಬಾರದು.

ಎಲ್ಲಕ್ಕಿಂತ ಮಿಗಿಲಾಗಿ ತನ್ನ ಬಡಾವಣೆಯ ನೀರು ಯಾವ ತಡೆಗೆರೆಗೆ ಹೋಗುತ್ತದೆ, ಅದರ ಬಾಗಿಲು ಸರಿಯಾಗಿ ಮುಚ್ಚುತ್ತದೆಯೇ ಎಂಬುದನ್ನು ಪ್ರತಿಯೊಬ್ಬ ನಿವಾಸಿಯೂ ತಿಳಿದಿರಬೇಕು. ತನ್ನ ಖಾತೆಯ ಶಿಲ್ಕನ್ನು ತಿಳಿಯದವನು ಗೃಹಸ್ಥನೆನಿಸಿಕೊಳ್ಳಲಾರ. ಊರಿನ ನೀರಿನ ಶಿಲ್ಕಿಗೂ ಅದೇ ಮಾತು ಸಲ್ಲುತ್ತದೆ. ಮುಂದಿನ ಬಾರಿ ಯಾರಾದರೂ ಆ ಕೆಸರಿನ ಬಯಲನ್ನು ತೋರಿಸಿ 'ಇದನ್ನು ಮುಚ್ಚಿ ಏನಾದರೂ ಕಟ್ಟಬಾರದೇಕೆ?' ಎಂದು ಕೇಳಿದರೆ, ಹುಣ್ಣಿಮೆಯ ನಡುಹಗಲಿನಲ್ಲಿ ಮಳೆ ಸುರಿಯುವಾಗ ಕೊಡೆ ಹಿಡಿದು ಅದರ ದಂಡೆಯ ಮೇಲೆ ಒಂದು ಗಳಿಗೆ ನಿಂತು ನೋಡುವಂತೆ ಅವರಿಗೆ ಹೇಳಬೇಕು. ಆ ಹೊತ್ತಿನಲ್ಲಿ ಕೆರೆಯಲ್ಲಿ ಏರುತ್ತಿರುವ ಪ್ರತಿಯೊಂದು ಗೇಣು ನೀರೂ ಯಾರದೋ ಮನೆಯೊಳಗೆ ಏರಬೇಕಾಗಿದ್ದ ನೀರು.